ಥಂಡರ್‌ಬರ್ಡ್: ಮೇಲ್ ಗುಂಪಿನಲ್ಲಿ ಉತ್ತರ ಬರೆಯುವವರ ಕಣ್ಣಿನಿಂದ

ಇಮೇಲ್ ತಂತ್ರಾಂಶವನ್ನು ವಿಮರ್ಶಿಸುವವರು ಸಾಮಾನ್ಯವಾಗಿ ಅದರ ನೋಟ, ವೇಗ, ಬೇಡದ ಮೇಲ್‌ಗಳನ್ನು ತಡೆಯುವ ಸಾಮರ್ಥ್ಯ ಇವುಗಳ ಬಗ್ಗೆ ಬರೆಯುತ್ತಾರೆ. ಇಲ್ಲಿ ನಾನು ಥಂಡರ್‌ಬರ್ಡನ್ನು ಒಂದೇ ಕೆಲಸದ ಮಟ್ಟಿಗೆ ನೋಡಿದ್ದೇನೆ. ಒಂದೇ ವಿಳಾಸಕ್ಕೆ ಬರೆದರೆ ಎಲ್ಲರಿಗೂ ತಲುಪುವಂತೆ ಹತ್ತಾರು ಜನ ಸೇರಿ ಚರ್ಚಿಸುವ ಮೇಲ್ ಗುಂಪಿನಲ್ಲಿ ಇನ್ನೊಬ್ಬರ ಮಾತನ್ನು ಎತ್ತಿಕೊಂಡು ಅದಕ್ಕೆ ಸರಿಯಾಗಿ ಉತ್ತರ ಕೊಡಲು ಅದು ಎಷ್ಟು ಒದಗುತ್ತದೆ ಎಂಬುದೇ ನನ್ನ ಪ್ರಶ್ನೆ. ನಾನಿರುವ ಗುಂಪು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಅಡಿಕೆ ಬೆಳೆಗಾರರದ್ದು. ವಾಟ್ಸ್‌ಆ್ಯಪ್ ಇರುವಾಗ ಮೇಲ್ ಯಾಕೆ ಎಂದು ಕೇಳುವವರು ಇದ್ದಾರೆ. ಹಿಂದಿನ ಮಳೆಗಾಲದಲ್ಲಿ ಯಾರೋ ಹೇಳಿದ ಔಷಧಿಯ ಪ್ರಮಾಣವನ್ನು ಈ ಮಳೆಗಾಲಕ್ಕೆ ಹುಡುಕಿ ತೆಗೆಯುವ ಅಗತ್ಯ ಬಿದ್ದವರು ಆ ಪ್ರಶ್ನೆಯನ್ನು ಕೇಳುವುದಿಲ್ಲ.

ಥಂಡರ್‌ಬರ್ಡ್ ಮೊಜಿಲ್ಲಾ ಬಳಗದ ಉಚಿತ ಮುಕ್ತ ತಂತ್ರಾಂಶ. ಇದರ ಮೊದಲ ಪೂರ್ಣ ಆವೃತ್ತಿ 2004ರ ಡಿಸೆಂಬರ್‌ನಲ್ಲಿ ಬಂತು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುತ್ತದೆ, ಮತ್ತು ಬಳಕೆದಾರರ ದೇಣಿಗೆಯೇ ಇದರ ಮುಖ್ಯ ಆಧಾರ. ಜಿಮೇಲ್ ವಿಳಾಸವಿರುವವರು ಆ ವಿಳಾಸವನ್ನು ಬಿಡಬೇಕಾಗಿಲ್ಲ, ಅದೇ ಖಾತೆಯನ್ನು ಇದರೊಳಗೆ ತೆರೆದುಕೊಳ್ಳಬಹುದು. ಖಾತೆ ಸೇರಿಸುವ ವಿಧಾನ ಸುಲಭವಾಗಿರುವುದರಿಂದ ಅದನ್ನು ಇಲ್ಲಿ ವಿವರಿಸುವುದಿಲ್ಲ.

ಉತ್ತರ ಎಲ್ಲಿರಬೇಕು ಎಂಬುದರಿಂದಲೇ ಈ ತಂತ್ರಾಂಶದ ಸ್ವಭಾವ ತಿಳಿಯುತ್ತದೆ. ಜಿಮೇಲ್‌ನಲ್ಲಿ ರಿಪ್ಲೈ ಒತ್ತಿದರೆ ಖಾಲಿ ಜಾಗ ಮೇಲೆ ತೆರೆದುಕೊಳ್ಳುತ್ತದೆ. ಹಳೆಯ ಮೇಲ್ ಪೂರ್ತಿಯಾಗಿ ಕೆಳಗೆ ಸೇರಿಕೊಳ್ಳುತ್ತದೆಯಾದರೂ ಮೂರು ಚುಕ್ಕೆಗಳ ಹಿಂದೆ ಮರೆಯಾಗಿರುವುದರಿಂದ ಬರೆಯುವವರಿಗೆ ಅದರ ಭಾರ ಗೊತ್ತಾಗುವುದಿಲ್ಲ. ಥಂಡರ್‌ಬರ್ಡ್‌ನಲ್ಲಿ ಹಳೆಯ ಮಾತು ಮೇಲೆ, ಕಣ್ಣೆದುರಿಗೇ ನಿಲ್ಲುತ್ತದೆ, ಕರ್ಸರ್ ಅದರ ಕೆಳಗೆ ಬರುತ್ತದೆ. ಹೊಸದಾಗಿ ಬಂದವರಿಗೆ ಇದು ಕಿರಿಕಿರಿ ಎನಿಸುವುದುಂಟು, ಏಕೆಂದರೆ ಉದ್ದದ ಮೇಲ್ ಆದರೆ ತಮ್ಮ ಉತ್ತರದ ಜಾಗಕ್ಕೆ ಇಳಿಯುವುದೇ ಒಂದು ಕೆಲಸವಾಗುತ್ತದೆ. ನನ್ನ ದೃಷ್ಟಿಯಲ್ಲಿ ಆ ಕಿರಿಕಿರಿಯಿಂದ ಉಪಯೋಗವೇ ಹೆಚ್ಚು. ಬೇಡದ ಸಾಲುಗಳು ಎದುರಿಗೆ ಬಿದ್ದಿದ್ದರೆ ಅಳಿಸುವ ಮನಸ್ಸು ಬರುತ್ತದೆ, ಮರೆಯಲ್ಲಿದ್ದರೆ ಅವು ಇವೆ ಎಂಬುದೇ ಮರೆತುಹೋಗುತ್ತದೆ.

ಅಳಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಡೆಯದೇ ಉದಾಹರಣೆ ತೆಗೆದುಕೊಳ್ಳೋಣ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ, ಒಬ್ಬರು ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಯ ಬಗ್ಗೆ ನಾಲ್ಕು ಪ್ರಶ್ನೆ ಕೇಳುತ್ತಾರೆ ಎಂದುಕೊಳ್ಳಿ. ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಮೈಲುತುತ್ತ, ಸುಣ್ಣ ತಲಾ ಒಂದು ಕಿಲೋ ಸಾಕೇ, ಯಾವುದನ್ನು ಯಾವುದಕ್ಕೆ ಸುರಿಯಬೇಕು, ಚಾಕು ಅದ್ದಿ ನೋಡುವುದು ಅಗತ್ಯವೇ, ಎರಡನೇ ಸಲ ಹೊಡೆಯುವುದು ಯಾವಾಗ. ಇದಕ್ಕೆ ಅನುಭವಸ್ಥರೊಬ್ಬರು ಇಡೀ ಮೇಲ್‌ನ ನೆತ್ತಿಯ ಮೇಲೆ "ಹೌದು, ಹಾಗೇ ಮಾಡಿ" ಎಂದು ಬರೆದು ಕಳಿಸಿದರೆ ಆ ಹೌದು ಯಾವ ಪ್ರಶ್ನೆಗೆ ಸೇರಿದ್ದು? ಪ್ರಮಾಣಕ್ಕೆ ಹೌದು ಎಂದದ್ದನ್ನು ಸುರಿಯುವ ಕ್ರಮಕ್ಕೂ ಅನ್ವಯಿಸಿಕೊಂಡರೆ ದ್ರಾವಣ ಕೆಡುತ್ತದೆ, ಕೆಟ್ಟ ದ್ರಾವಣ ಹೊಡೆಸಿದರೆ ಔಷಧಿಯ ದುಡ್ಡು, ಮರ ಹತ್ತಿ ಅದನ್ನು ಹೊಡೆಯುವ ಕೊನೆಗಾರರ ಕೂಲಿ ಎರಡೂ ನೀರಿಗೆ ಹೋಗುತ್ತವೆ. ಅದೇ ಉತ್ತರವನ್ನು ಹೀಗೆ ಬರೆಯಬಹುದಿತ್ತು (ಬಾಣದ ಗುರುತಿರುವ ಸಾಲು ಪ್ರಶ್ನೆ ಕೇಳಿದವರದ್ದು):

> ಯಾವುದನ್ನು ಯಾವುದಕ್ಕೆ ಸುರಿಯಬೇಕು?
ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಕಬೇಕು. ಸುಣ್ಣವನ್ನು ತಂದು ಮೈಲುತುತ್ತಕ್ಕೆ ಸುರಿಯಬಾರದು.

> ಚಾಕು ಅದ್ದಿ ನೋಡುವುದು ಅಗತ್ಯವೇ?
ಅಗತ್ಯ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣದ ನೀರು ಸೇರಿಸಿ.

> ಎರಡನೇ ಸಲ ಯಾವಾಗ?
ಮೊದಲ ಸಲ ಹೊಡೆದ 40ರಿಂದ 45 ದಿನಕ್ಕೆ, ಮಳೆ ಬಿಡುವು ಕೊಟ್ಟಾಗ.

ಪ್ರಮಾಣದ ಪ್ರಶ್ನೆಗೆ ಬೇರೆಯವರು ಆಗಲೇ ಉತ್ತರಿಸಿದ್ದರೆ ಆ ಸಾಲನ್ನು ಅಳಿಸಿಬಿಡಬಹುದು. ಈ ರೀತಿ ಬರೆಯುವುದಕ್ಕೆ ಥಂಡರ್‌ಬರ್ಡ್ ಕೊಡುವ ಅನುಕೂಲವೇ ಅದರ ಅತ್ಯುತ್ತಮ ಗುಣ. ಬಂದ ಮೇಲ್‌ನಲ್ಲಿ ಬೇಕಾದ ಒಂದು ವಾಕ್ಯವನ್ನಷ್ಟೇ ಮೌಸ್‌ನಿಂದ ಆಯ್ದು ರಿಪ್ಲೈ ಒತ್ತಿದರೆ ಉತ್ತರದ ಪುಟಕ್ಕೆ ಆ ವಾಕ್ಯ ಮಾತ್ರ ಬರುತ್ತದೆ, ಉಳಿದದ್ದು ಬರುವುದೇ ಇಲ್ಲ. ಇದಕ್ಕೆ ಯಾವ ಸೆಟ್ಟಿಂಗನ್ನೂ ಬದಲಿಸಬೇಕಾಗಿಲ್ಲ. ಹಾಗಿದ್ದೂ ವರ್ಷಗಳಿಂದ ಬಳಸುವವರಿಗೂ ಇದು ತಿಳಿದಿರುವುದಿಲ್ಲ. ಬೇರೆ ಮೇಲ್‌ನಿಂದ ನಕಲು ಮಾಡಿದ ಸಾಲನ್ನು ಕಂಟ್ರೋಲ್, ಶಿಫ್ಟ್, ಓ ಒಟ್ಟಿಗೆ ಒತ್ತಿ ಅಂಟಿಸಿದರೆ ಅದು ಇನ್ನೊಬ್ಬರ ಮಾತು ಎಂಬ ಗುರುತಿನೊಂದಿಗೇ ಬಂದು ಕೂರುತ್ತದೆ.

ಯಾರ ಮಾತು ಯಾರದ್ದು ಎಂಬ ಲೆಕ್ಕವನ್ನು ಇದು ಚೆನ್ನಾಗಿ ಇಡುತ್ತದೆ. ಉತ್ತರಕ್ಕೆ ಉತ್ತರ, ಅದಕ್ಕೆ ಇನ್ನೊಂದು ಉತ್ತರ ಎಂದು ಬೆಳೆದಾಗ ಒಂದೊಂದು ಪದರದ ಪಕ್ಕದಲ್ಲಿ ಬೇರೆ ಬೇರೆ ಬಣ್ಣದ ಗೆರೆ ಕಾಣುತ್ತದೆ. ಆದರೆ ಸಾಲುಗಳನ್ನು ಅಳಿಸುವಾಗ "ಇಂಥವರು ಬರೆದದ್ದು" ಎಂಬ ಮೇಲಿನ ಸಾಲೂ ಹೋದರೆ ಗೆರೆ ಇದ್ದೂ ಪ್ರಯೋಜನವಿಲ್ಲ. ಎಲೆಚುಕ್ಕಿ ರೋಗಕ್ಕೆ ಯಾವುದೋ ಶಿಲೀಂಧ್ರನಾಶಕವನ್ನು ದುಪ್ಪಟ್ಟು ಹಾಕಿ ಎಂದು ಒಬ್ಬರು ಹೇಳಿ, ಅದನ್ನು ತಪ್ಪು ಎಂದು ಖಂಡಿಸಿದವರ ಹೆಸರೇ ಕೊನೆಗೆ ಆ ಸಲಹೆಯ ಮೇಲೆ ಉಳಿಯುವುದು ಇಂಥ ಅರೆಬರೆ ಅಳಿಸುವಿಕೆಯಿಂದ. ಆ ಪರಿಚಯದ ಸಾಲು ಇಂಗ್ಲಿಷಿನಲ್ಲಿ ಬರುತ್ತದೆ. ಕಾನ್ಫಿಗ್ ಎಡಿಟರ್ ಎಂಬ ಒಳಗಿನ ಸೆಟ್ಟಿಂಗ್‌ಗಳ ಪಟ್ಟಿಯನ್ನು ತೆರೆದು ಅದನ್ನು ಕನ್ನಡದಲ್ಲಿ, ಹೆಸರಿನ ಮುಂದೆ "ಅವರು" ಎಂದು ಸೇರಿಸಿ ಬದಲಿಸಿಕೊಳ್ಳಬಹುದು. ಹಿರಿಯರಿರುವ ಗುಂಪಿನಲ್ಲಿ ಅಷ್ಟು ಮಾಡಿಕೊಳ್ಳುವುದು ಒಳ್ಳೆಯದು. ಆದರೆ ಅಂಥ ಸರಳ ಬದಲಾವಣೆಯನ್ನು ಸಾಮಾನ್ಯ ಬಳಕೆದಾರರು ಹೋಗಲು ಹೆದರುವ ಜಾಗದಲ್ಲಿ ಇಟ್ಟಿರುವುದು ಸರಿಯಲ್ಲ.

ಕನ್ನಡದಲ್ಲಿ ಬರೆಯುವವರು ಕತ್ತರಿಸಲೇಬೇಕಾದ ಇನ್ನೊಂದು ಕಾರಣವಿದೆ. ಯೂನಿಕೋಡ್ ಕನ್ನಡದ ಒಂದೊಂದು ಸಂಕೇತವೂ ಯುಟಿಎಫ್-8ರಲ್ಲಿ ಮೂರು ಬೈಟ್ ಹಿಡಿಯುತ್ತದೆ, ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್ ಸಾಕು. "ಕ್ಷ" ಎಂಬ ಒಂದು ಅಕ್ಷರವೇ ಮೂರು ಸಂಕೇತಗಳ ಕೂಡಿಕೆ, ಅಂದರೆ ಒಂಬತ್ತು ಬೈಟ್. ಜಿಮೇಲ್ ಸುಮಾರು 102 ಕಿಲೋಬೈಟ್ ದಾಟಿದ ಮೇಲನ್ನು ಅರ್ಧಕ್ಕೆ ತುಂಡು ಮಾಡಿ, ಉಳಿದದ್ದನ್ನು ನೋಡಲು ಬೇರೆ ಕೊಂಡಿಯನ್ನು ಒತ್ತಿ ಎನ್ನುತ್ತದೆ. ಹಳೆಯದನ್ನೆಲ್ಲ ಹೊತ್ತುಕೊಂಡೇ ಸಾಗುವ ಕನ್ನಡದ ಚರ್ಚೆ ಆ ಮಿತಿಯನ್ನು ಇಂಗ್ಲಿಷ್ ಚರ್ಚೆಗಿಂತ ಬಹಳ ಬೇಗ ಮುಟ್ಟುತ್ತದೆ. ಅಂಥ ಮೇಲ್‌ನಲ್ಲಿ ಯಾರಾದರೂ ಉತ್ತರವನ್ನು ಅಡಿಯಲ್ಲಿ ಬರೆದಿದ್ದರೆ ತುಂಡಾಗಿ ಮರೆಯಾಗುವುದು ಅದೇ. ಆದ್ದರಿಂದ ಕೆಳಗೆ ಉತ್ತರಿಸುವ ಪದ್ಧತಿ ಮೇಲಿನದನ್ನು ಕತ್ತರಿಸುವ ಪದ್ಧತಿಯ ಜೊತೆಗೇ ಬರಬೇಕು. ಕತ್ತರಿಸದೆ ಕೆಳಗೆ ಬರೆಯುವವರಿಗಿಂತ ಮೇಲೆ ಬರೆಯುವವರೇ ವಾಸಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಈ ವಿಚಾರದಲ್ಲಿ ಕಟ್ಟಾ ಸಂಪ್ರದಾಯಸ್ಥರು ನನ್ನ ಮೇಲೆ ಮುನಿದರೂ ಚಿಂತೆಯಿಲ್ಲ.

ಇದು ನಿನ್ನೆ ಮೊನ್ನೆಯ ತಕರಾರಲ್ಲ. ಅಂತರ್ಜಾಲದ ನಡವಳಿಕೆಯನ್ನು ಕುರಿತು 1995ರ ಅಕ್ಟೋಬರ್‌ನಲ್ಲಿ ಹೊರಬಂದ ಆರ್‌ಎಫ್‌ಸಿ 1855 ಎಂಬ ದಾಖಲೆ, ಉತ್ತರಿಸುವಾಗ ಮೂಲದ ಸಾರಾಂಶವನ್ನು ಮೇಲೆ ಕೊಡಿ ಅಥವಾ ಸಂದರ್ಭ ತಿಳಿಯುವಷ್ಟನ್ನು ಮಾತ್ರ ಉಳಿಸಿಕೊಳ್ಳಿ ಎಂದು ಹೇಳಿದೆ. ಸಹಿ ನಾಲ್ಕು ಸಾಲು ಮೀರದಿರಲಿ ಎಂದೂ, ಒಬ್ಬರು ಖಾಸಗಿಯಾಗಿ ಬರೆದ ಪತ್ರವನ್ನು ಗುಂಪಿಗೆ ಹಾಕುವ ಮೊದಲು ಅವರ ಅನುಮತಿ ಕೇಳಿ ಎಂದೂ ಅದರಲ್ಲಿದೆ. ಸಹಿಯ ವಿಷಯದಲ್ಲಿ ಥಂಡರ್‌ಬರ್ಡ್ ಹಳೆಯ ಕ್ರಮವನ್ನೇ ಪಾಲಿಸುತ್ತದೆ. ಎರಡು ಅಡ್ಡಗೆರೆ, ಒಂದು ಖಾಲಿ ಜಾಗ ಇರುವ ಸಾಲಿನ ಕೆಳಗಿನದನ್ನು ಸಹಿ ಎಂದು ಗುರುತಿಸಿ, ಉತ್ತರಿಸುವಾಗ ತಾನಾಗಿಯೇ ಬಿಟ್ಟುಬಿಡುತ್ತದೆ.

ಉತ್ತರ ಯಾರಿಗೆ ಹೋಗುತ್ತದೆ ಎಂಬುದು ಕೂಡ ಮುಖ್ಯ. ಬರೆದವರಿಗೊಬ್ಬರಿಗೆ, ಗುಂಪಿಗೆ, ಎಲ್ಲರಿಗೆ ಎಂದು ಇಲ್ಲಿ ಬೇರೆ ಬೇರೆ ಗುಂಡಿಗಳಿವೆ. ಗುಂಪಿನಿಂದ ಬಂದ ಮೇಲ್‌ನ ತಲೆಸಾಲುಗಳಲ್ಲಿ (ಪತ್ರದ ಜೊತೆ ಮರೆಯಲ್ಲಿ ಸಾಗುವ ವಿವರಗಳಲ್ಲಿ) ಗುಂಪಿನ ವಿಳಾಸವನ್ನು ಹೇಳುವ ಸಾಲೊಂದಿದ್ದರೆ "ರಿಪ್ಲೈ ಲಿಸ್ಟ್" ಎಂಬ ಗುಂಡಿ ಕಾಣಿಸಿಕೊಳ್ಳುತ್ತದೆ. ಅದನ್ನು ಒತ್ತಿದರೆ ಉತ್ತರ ಗುಂಪಿಗೆ ಮಾತ್ರ ಹೋಗುತ್ತದೆ. "ರಿಪ್ಲೈ ಆಲ್" ಬಳಸಿದಾಗ ಆಗುವಂತೆ ಪ್ರಶ್ನೆ ಕೇಳಿದವರಿಗೆ ಒಂದೇ ಪತ್ರ ಎರಡೆರಡು ಸಲ ಹೊರಡುವ ತೊಂದರೆ ಇಲ್ಲ. ಬೆಟ್ಟೆ, ರಾಶಿ ಎಂಬ ಅಡಿಕೆಯ ಬಗೆಗಳಿಗೆ ನಿಮಗೆಷ್ಟು ಧಾರಣೆ ಸಿಕ್ಕಿತು ಎಂದು ಸ್ನೇಹಿತರನ್ನು ಖಾಸಗಿಯಾಗಿ ಕೇಳಹೊರಟು ಇಡೀ ಗುಂಪಿನೆದುರು ಕೇಳಿಬಿಡುವ ಮುಜುಗರವೂ ಇದರಿಂದ ತಪ್ಪುತ್ತದೆ, ಗುಂಡಿ ಒತ್ತುವ ಮುಂಚೆ ವಿಳಾಸದ ಸಾಲನ್ನು ಒಮ್ಮೆ ಓದಿದರೆ.

ಹಳೆಯ ಮೇಲ್‌ಗೆ ಉತ್ತರ ಒತ್ತಿ, ವಿಷಯದ ಸಾಲನ್ನು ಬದಲಿಸಿ, ಸಂಬಂಧವಿಲ್ಲದ ಹೊಸ ಮಾತು ತೆಗೆಯುವವರ ಸ್ಥಿತಿ ಇಲ್ಲಿ ಬಯಲಾಗುತ್ತದೆ. ವಿಷಯದ ಸಾಲು ಬದಲಾದರೂ ಈ ಪತ್ರ ಯಾವ ಪತ್ರಕ್ಕೆ ಉತ್ತರ ಎಂಬ ಗುರುತು ತಲೆಸಾಲುಗಳಲ್ಲಿ ಉಳಿದೇ ಇರುತ್ತದೆ. ಜಿಮೇಲ್ ವಿಷಯ ಬದಲಾದ ಕೂಡಲೇ ಬೇರೆ ಸಂಭಾಷಣೆಯಾಗಿ ತೋರಿಸುವುದರಿಂದ ಅದನ್ನು ಬಳಸುವವರಿಗೆ ತಾವು ಮಾಡಿದ್ದು ತಿಳಿಯುವುದಿಲ್ಲ. ಥಂಡರ್‌ಬರ್ಡ್‌ನ ಕವಲುಗಳ ನೋಟದಲ್ಲಿ ಮಾತ್ರ "ಗೊಬ್ಬರ ಮಾರಾಟಕ್ಕಿದೆ" ಎಂಬುದು ಕೊಳೆರೋಗದ ಚರ್ಚೆಯ ನಡುವೆ ಕೂತಿರುತ್ತದೆ. ಹೊಸ ವಿಷಯಕ್ಕೆ ಹೊಸ ಮೇಲ್ ತೆರೆಯಿರಿ ಎಂದು ಸದಸ್ಯರಿಗೆ ಹೇಳಿಕೊಡಬೇಕಾದ ನಿರ್ವಾಹಕರಿಗೆ ಈ ನೋಟ ಬಹಳ ಸಹಾಯಕ. ದಿನದ ಮೇಲ್‌ಗಳನ್ನೆಲ್ಲ ಒಂದೇ ಕಂತೆಯಾಗಿ ತರಿಸಿಕೊಳ್ಳುವವರು ಉತ್ತರಿಸುವಾಗ ವಿಷಯದ ಸಾಲಿನಲ್ಲಿರುವ ಕಂತೆಯ ಸಂಖ್ಯೆಯನ್ನು ತೆಗೆದು ಮೂಲ ವಿಷಯವನ್ನು ಕೈಯಾರೆ ಬರೆಯಲೇಬೇಕು. ಅದಕ್ಕೆ ಈ ತಂತ್ರಾಂಶದಲ್ಲಿಯೂ ಪರಿಹಾರವಿಲ್ಲ.

ಮಲೆನಾಡಿನಲ್ಲಿರುವವರಿಗೆ ಇದರ ಇನ್ನೊಂದು ಉಪಕಾರ ಮಳೆಗಾಲದಲ್ಲಿ ತಿಳಿಯುತ್ತದೆ. ಮೇಲ್‌ಗಳೆಲ್ಲ ಗಣಕದಲ್ಲಿಯೇ ಉಳಿಯುವುದರಿಂದ ನೆಟ್‌ವರ್ಕ್ ಇಲ್ಲದ ದಿನವೂ ಓದಬಹುದು, ಉತ್ತರ ಬರೆದು ಆಮೇಲೆ ಕಳಿಸುವ ಪೆಟ್ಟಿಗೆಯಲ್ಲಿ ಇಡಬಹುದು. ಹಾಗೆ ಇಟ್ಟವರು ಸಂಪರ್ಕ ಬಂದ ಕೂಡಲೇ ಕಳಿಸದೆ, ನಡುವೆ ಬಂದ ಉತ್ತರಗಳನ್ನು ಮೊದಲು ಓದಿಕೊಳ್ಳುವುದು ಕ್ರಮ. ಮೂರು ಜನ ಹೇಳಿ ಮುಗಿಸಿದ್ದನ್ನು ನಾಲ್ಕನೆಯವರು ಎರಡು ದಿನ ತಡವಾಗಿ ಹೇಳಿದರೆ, ಕೇಳಿದವರಿಗೆ ಚರ್ಚೆ ಮುಗಿಯಿತೋ ಇಲ್ಲವೋ ಎಂಬ ಅನುಮಾನ ಶುರುವಾಗುತ್ತದೆ.

ಕೊರತೆಗಳೂ ಇವೆ. ಲಗತ್ತು ಎಂಬರ್ಥದ ಪದ ಬರೆದು ಕಡತ ಸೇರಿಸದಿದ್ದರೆ ಎಚ್ಚರಿಸುವ ಈ ತಂತ್ರಾಂಶ, ಇನ್ನೂರು ಸಾಲಿನ ಹಳೆಯ ಮಾತನ್ನು ಹಾಗೇ ಇಟ್ಟುಕೊಂಡು "ಧನ್ಯವಾದ" ಎಂದು ಕಳಿಸಿದಾಗ ಸುಮ್ಮನಿರುತ್ತದೆ. ಎಚ್ಚರಿಕೆ ಬೇಕಾಗಿರುವುದು ಅಲ್ಲಿಯೇ. ಬಣ್ಣ, ದಪ್ಪ ಅಕ್ಷರಗಳಂಥ ಅಲಂಕಾರವಿರುವ ಮೇಲ್‌ಗೆ ಉತ್ತರಿಸುವಾಗ ಹಳೆಯ ಮಾತನ್ನು ನಡುವೆ ಒಡೆದು ಬರೆಯಲು ಹೋದರೆ ಬಣ್ಣದ ಗೆರೆ ಕೆಲವೊಮ್ಮೆ ನಮ್ಮ ಉತ್ತರದ ಪಕ್ಕಕ್ಕೂ ಅಂಟಿಕೊಳ್ಳುತ್ತದೆ. ಶಿಫ್ಟ್ ಒತ್ತಿ ಹಿಡಿದು ರಿಪ್ಲೈ ಒತ್ತಿದರೆ ಸರಳ ಪಠ್ಯದ ಪುಟ ತೆರೆದು ಈ ಗೋಜಲು ತಪ್ಪುತ್ತದೆ. ಈ ಉಪಾಯವನ್ನು ಪರದೆಯ ಮೇಲೆ ಎಲ್ಲಿಯಾದರೂ ಸೂಚಿಸಿದ್ದರೆ ಚೆನ್ನಾಗಿತ್ತು. ಉತ್ತರ ಕೆಳಗಿರಬೇಕೋ ಮೇಲಿರಬೇಕೋ ಎಂಬ ಆಯ್ಕೆಯೂ ಖಾತೆಯ ಸೆಟ್ಟಿಂಗ್‌ನ "ಕಾಂಪೊಸಿಷನ್ ಅಂಡ್ ಅಡ್ರೆಸಿಂಗ್" ವಿಭಾಗದೊಳಗೆ ಹೂತುಹೋಗಿದೆ.

ಗುಂಪಿನಲ್ಲಿ ಹೆಚ್ಚಾಗಿ ಉತ್ತರ ಬರೆಯುವವರು ಮತ್ತು ಗುಂಪನ್ನು ನಡೆಸುವವರು ಗಣಕದಲ್ಲಿ ಇದನ್ನು ಹಾಕಿಕೊಳ್ಳುವುದು ಲೇಸು. ಓದುವುದಷ್ಟೇ ರೂಢಿಯಾಗಿರುವವರಿಗೆ ಈಗಿರುವ ವ್ಯವಸ್ಥೆಯೇ ಸಾಕು. ಫೋನಿನಲ್ಲಿಯೇ ಎಲ್ಲವನ್ನೂ ಮಾಡುವವರಿಗೆ 2024ರ ಅಕ್ಟೋಬರ್‌ನಲ್ಲಿ ಬಂದ ಆಂಡ್ರಾಯ್ಡ್ ಆವೃತ್ತಿಯಿದೆ. ಕೆ-9 ಮೇಲ್ ಎಂಬ ಹಳೆಯ ಆ್ಯಪ್‌ನ ತಳಹದಿಯ ಮೇಲೆ ಕಟ್ಟಿದ ಅದರಲ್ಲಿಯೂ ಹಳೆಯ ಮಾತಿನ ಕೆಳಗೆ ಉತ್ತರಿಸುವ ಆಯ್ಕೆಯುಂಟು. ಆದರೂ ಬೆರಳಿನಿಂದ ಸಾಲುಗಳನ್ನು ಆಯ್ದು ಅಳಿಸುವುದು ಚಿಕ್ಕ ಪರದೆಯ ಮೇಲೆ ತ್ರಾಸದ ಕೆಲಸ. ತೋಟದಲ್ಲಿ ನಿಂತು ಫೋನಿನಲ್ಲಿ ಉತ್ತರಿಸುವವರು ಹಳೆಯದನ್ನು ಪೂರ್ತಿ ಅಳಿಸಿ, "ಎರಡನೇ ಸಲ ಯಾವಾಗ ಹೊಡೆಯಬೇಕು ಎಂದು ಕೇಳಿದ್ದಿರಿ" ಎಂದು ತಮ್ಮ ಮಾತಿನಲ್ಲಿಯೇ ಪ್ರಶ್ನೆಯನ್ನು ಹೇಳಿ ಉತ್ತರ ಬರೆದರೆ ಯಾವ ಆ್ಯಪ್ ಇದ್ದರೂ ನಡೆಯುತ್ತದೆ.