ಕ್ವಿಬೆಕ್ ನಗರದ ಮೂರು ವಸತಿಗಳು: ಕೋಟೆಯಂಥ ಹೋಟೆಲ್, ಬಂದರಿನ ಗೋದಾಮು, ಸನ್ಯಾಸಿನಿಯರ ಮಠ

ಕೆನಡಾದಲ್ಲಿ ಹಳೆಯ ಕಾಲದ ಹೋಟೆಲಿನಲ್ಲಿ ತಂಗಬೇಕೆಂದು ಬಯಸುವವರಿಗೆ ಆಯ್ಕೆಗಳ ಕೊರತೆಯಿಲ್ಲ. ರೈಲ್ವೆ ಕಂಪನಿಗಳು ಕಟ್ಟಿಸಿದ ಬ್ಯಾನ್ಫ್ ಸ್ಪ್ರಿಂಗ್ಸ್, ವಿಕ್ಟೋರಿಯಾದ ಎಂಪ್ರೆಸ್, ಒಟ್ಟಾವಾದ ಶಾತೊ ಲೋರಿಯೆ ಇವೆಲ್ಲ ಇಂದಿಗೂ ನಡೆಯುತ್ತಿವೆ. ಆದರೆ ಅವು ಒಂದರಿಂದೊಂದು ಬಹಳ ದೂರದಲ್ಲಿರುವುದರಿಂದ, ಅವುಗಳ ಗುಣದೋಷಗಳನ್ನು ಎಣಿಸುವಾಗ ನಾವು ಹೋಟೆಲನ್ನು ತೂಗುತ್ತಿದ್ದೇವೆಯೋ ಊರನ್ನು ತೂಗುತ್ತಿದ್ದೇವೆಯೋ ಎಂಬುದೇ ತಿಳಿಯದಂತಾಗುತ್ತದೆ. ಕ್ವಿಬೆಕ್ ನಗರದಲ್ಲಿ ಆ ತೊಡಕಿಲ್ಲ. 1985ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಅದರ ಹಳೆಯ ಭಾಗದಲ್ಲಿ ಶಾತೊ ಫ್ರೊಂತೆನಾಕ್, ಓಬೆರ್ಜ್ ಸೇಂಟ್ ಆಂತ್ವಾನ್ ಮತ್ತು ಅಗಸ್ಟೀನ್ ಸನ್ಯಾಸಿನಿಯರ ಮೊನಾಸ್ಟರಿ ಎಂಬ ಮೂರು ವಸತಿಗಳು ಪರಸ್ಪರ ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ಮೊದಲನೆಯದರಲ್ಲಿ ಚಳಿಗಾಲದಲ್ಲಿ ಪತಿ ಮತ್ತು ಮಗನೊಡನೆ, ಎರಡನೆಯದರಲ್ಲಿ ಎಲೆಗಳು ಕೆಂಪಾಗುವ ಕಾಲದಲ್ಲಿ ಪತಿಯೊಡನೆ, ಮೂರನೆಯದರಲ್ಲಿ ಊರಿನಿಂದ ಬಂದಿದ್ದ ಅಮ್ಮನೊಡನೆ ತಂಗಿದ ಅನುಭವದ ಮೇಲೆ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ. ಮೂರೂ ಮಾರುವುದು ಇತಿಹಾಸವನ್ನೇ. ಆದರೆ ಮೂವರ ಸರಕು ಒಂದೇ ಅಲ್ಲ.

ಶಾತೊ ಫ್ರೊಂತೆನಾಕ್ ಮಾರುವುದು ಇತಿಹಾಸದ ವೇಷವನ್ನು. ಇದನ್ನು ಹೊಗಳಿಕೆಯಾಗಿಯೇ ಹೇಳುತ್ತಿದ್ದೇನೆ. ಕೆನಡಿಯನ್ ಪೆಸಿಫಿಕ್ ರೈಲ್ವೆಯ ಮುಖ್ಯಸ್ಥನಾಗಿದ್ದ ವಿಲಿಯಂ ವ್ಯಾನ್ ಹಾರ್ನ್‌ಗೆ ತನ್ನ ರೈಲುಗಳನ್ನು ತುಂಬಿಸಲು ಹಣವಂತ ಪ್ರವಾಸಿಗರು ಬೇಕಾಗಿದ್ದರು. ಅದಕ್ಕಾಗಿ ಅಮೆರಿಕದ ವಾಸ್ತುಶಿಲ್ಪಿ ಬ್ರೂಸ್ ಪ್ರೈಸ್ ಫ್ರಾನ್ಸಿನ ಲ್ವಾರ್ ಕಣಿವೆಯ ಅರಮನೆಗಳ ಮಾದರಿಯಲ್ಲಿ ಕಡಿದಾದ ತಾಮ್ರದ ಛಾವಣಿ, ಗೋಪುರ, ಕಮಾನುಗಳನ್ನಿಟ್ಟು ರೂಪಿಸಿದ ಕಟ್ಟಡ 1893ರಲ್ಲಿ ಬಾಗಿಲು ತೆರೆಯಿತು. ಇಂದು ಎಲ್ಲ ಚಿತ್ರಗಳಲ್ಲಿ ಕಾಣುವ ನಡುವಿನ ಎತ್ತರದ ಗೋಪುರ ಸೇರಿದ್ದು 1924ರಲ್ಲಿ. ಮೈಸೂರಿನ ಲಲಿತಮಹಲ್ ಅರಸರ ಅತಿಥಿಗಳಿಗಾಗಿ ಹುಟ್ಟಿ ಆಮೇಲೆ ಹೋಟೆಲಾಯಿತು. ಇದು ಹೋಟೆಲಾಗಿಯೇ ಹುಟ್ಟಿ ಅರಮನೆಯಂತೆ ಕಾಣಿಸಿಕೊಂಡಿತು. ನಿಜವಾದ ಅರಮನೆ, ಅಂದರೆ ಫ್ರೆಂಚ್ ಮತ್ತು ಬ್ರಿಟಿಷ್ ಗವರ್ನರುಗಳು ವಾಸಿಸುತ್ತಿದ್ದ ಶಾತೊ ಸೇಂಟ್ ಲೂಯಿ, 1834ರಲ್ಲಿ ಸುಟ್ಟುಹೋಯಿತು. ಅದರ ತಳಪಾಯ ಹೋಟೆಲಿನ ಎದುರಿನ ಡಫರಿನ್ ಟೆರೇಸ್ ಎಂಬ ಮರದ ಹಲಗೆಗಳ ವಿಹಾರಪಥದ ಅಡಿಯಲ್ಲಿ ಇಂದಿಗೂ ಇದೆ. ಹೋಟೆಲಿನ ಒಳ ಅಂಗಳದ ಕಮಾನಿನಲ್ಲಿ 1647 ಎಂದು ಕೆತ್ತಿದ, ಮಾಲ್ಟಾದ ಶಿಲುಬೆಯ ಗುರುತಿರುವ ಕಲ್ಲೊಂದನ್ನು ಕೂರಿಸಿದ್ದಾರೆ. ಕಟ್ಟಡದ ಎಲ್ಲಕ್ಕಿಂತ ಹಳೆಯ ವಸ್ತುವಾದ ಅದನ್ನು ಬಹುಪಾಲು ಅತಿಥಿಗಳು ಸೂಟ್‌ಕೇಸು ಎಳೆದುಕೊಂಡು ಹಾದುಹೋಗುವಾಗ ಗಮನಿಸುವುದೇ ಇಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943 ಮತ್ತು 1944ರಲ್ಲಿ, ಚರ್ಚಿಲ್ ಮತ್ತು ರೂಸ್‌ವೆಲ್ಟ್ ಇಲ್ಲಿ ಸೇರಿದ್ದರೆಂಬ ಮಾತನ್ನು ಈ ಊರಿನಲ್ಲಿ ಎಲ್ಲರೂ ಹೇಳುತ್ತಾರೆ. ಅದು ನಿಜವೇ. ಆದರೆ ಆ ಇಬ್ಬರು ನಾಯಕರು ಉಳಿದುಕೊಂಡಿದ್ದು ಸ್ವಲ್ಪ ಮೇಲಿರುವ ಸಿಟಡೆಲ್ ಕೋಟೆಯಲ್ಲಿ. ಹೋಟೆಲನ್ನು ತುಂಬಿದ್ದವರು ಅವರ ಸೇನಾಧಿಕಾರಿಗಳು ಮತ್ತು ಸಿಬ್ಬಂದಿ. ಚರ್ಚಿಲ್ ಮಲಗಿದ ಕೋಣೆ ಬೇಕೆಂಬ ಆಸೆಯಿಂದ ಹೆಚ್ಚು ಹಣ ಕೊಡಲು ಹೊರಟವರು ಇದನ್ನು ತಿಳಿದಿರುವುದು ಒಳ್ಳೆಯದು.

ಓಬೆರ್ಜ್ ಸೇಂಟ್ ಆಂತ್ವಾನ್ ಇರುವುದು ಫ್ರೊಂತೆನಾಕ್ ನಿಂತಿರುವ ಬಂಡೆಯ ಕೆಳಗೆ, ಸೇಂಟ್ ಲಾರೆನ್ಸ್ ನದಿಯ ದಂಡೆಯ ಹಳೆಯ ಬಂದರಿನಲ್ಲಿ. ಇದು ಹೋಟೆಲಾಗಿ ಆರಂಭವಾದದ್ದು 1992ರಲ್ಲಿ; ಆ ಲೆಕ್ಕದಲ್ಲಿ ಫ್ರೊಂತೆನಾಕ್‌ಗಿಂತ ಇದು ಒಂದು ಶತಮಾನದಷ್ಟು ಕಿರಿಯದು. ಆದರೆ ಇದರ ನೆಲ ಹಳೆಯದು. ಕಟ್ಟಡವನ್ನು ವಿಸ್ತರಿಸಲು ಅಗೆದಾಗ ಹಳೆಯ ಹಡಗುಕಟ್ಟೆ, ಫಿರಂಗಿಗಳನ್ನಿಡುತ್ತಿದ್ದ ಗೋಡೆ, ವರ್ತಕರ ಮನೆಗಳ ಕಸದ ಗುಂಡಿಗಳು ಹೊರಬಂದವು. ಪುರಾತತ್ತ್ವಜ್ಞರು ಎತ್ತಿದ ಒಡೆದ ತಟ್ಟೆ, ಗಾಜಿನ ಸೀಸೆ, ಮಣ್ಣಿನ ಹೊಗೆಕೊಳವೆಗಳನ್ನು ವಸ್ತುಸಂಗ್ರಹಾಲಯದ ಒಂದು ಕೋಣೆಗೆ ತಳ್ಳದೆ, ಮೊಗಸಾಲೆಯಲ್ಲಿ, ಓಣಿಗಳಲ್ಲಿ, ಅತಿಥಿಗಳ ಕೋಣೆಗಳ ಬಳಿಯಲ್ಲಿ ಸಣ್ಣ ಗಾಜಿನ ಪೆಟ್ಟಿಗೆಗಳೊಳಗೆ ದೀಪ ಹಾಕಿ ಇಟ್ಟಿದ್ದಾರೆ. ಊಟದ ಮನೆಯಾದ ಶೇ ಮಫಿ ಇರುವುದು 1822ರ ಗೋದಾಮಿನಲ್ಲಿ. ದಪ್ಪ ಮರದ ತೊಲೆಗಳೂ ಕಲ್ಲಿನ ಗೋಡೆಗಳೂ ಹಾಗೆಯೇ ಉಳಿದಿವೆ. ರಾಜರ, ಸೇನಾಪತಿಗಳ ಕಥೆಗಿಂತ ಯಾರೋ ಹೆಸರಿಲ್ಲದವರು ಬಿಸಾಡಿದ ಸೀಸೆಯೇ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿತು. ಇದು ನನ್ನ ಒಲವೆಂದು ಒಪ್ಪಿಕೊಂಡೇ ಮುಂದುವರಿಯುತ್ತೇನೆ.

ಮೂರನೆಯದರಲ್ಲಿ ಇತಿಹಾಸಕ್ಕೆ ನಟಿಸುವ ಅಗತ್ಯವೂ ಇಲ್ಲ, ಅಗೆದು ತೆಗೆಯುವ ಅಗತ್ಯವೂ ಇಲ್ಲ. 1639ರಲ್ಲಿ ಫ್ರಾನ್ಸಿನ ದಿಯೆಪ್‌ನಿಂದ ಹಡಗಿನಲ್ಲಿ ಬಂದ ಮೂವರು ಅಗಸ್ಟೀನ್ ಸನ್ಯಾಸಿನಿಯರು ಸ್ಥಾಪಿಸಿದ ಓತೆಲ್ ದ್ಯೂ, ಉತ್ತರ ಅಮೆರಿಕದಲ್ಲಿ ಮೆಕ್ಸಿಕೊದಿಂದ ಉತ್ತರಕ್ಕೆ ಆರಂಭವಾದ ಮೊದಲ ಆಸ್ಪತ್ರೆ. ಆ ಆಸ್ಪತ್ರೆಗೆ ಅಂಟಿಕೊಂಡಿರುವ ಮಠದಲ್ಲಿ ತಲೆಮಾರುಗಳ ಕಾಲ ವಾಸಿಸಿದ ಸನ್ಯಾಸಿನಿಯರು, ತಮ್ಮ ಸಂಖ್ಯೆ ಕುಗ್ಗುತ್ತ ಬಂದಂತೆ, ಕಟ್ಟಡವನ್ನೂ ಸಂಗ್ರಹವನ್ನೂ ಒಂದು ಟ್ರಸ್ಟಿಗೆ ಒಪ್ಪಿಸಿದರು. ಜೀರ್ಣೋದ್ಧಾರದ ನಂತರ 2015ರಲ್ಲಿ ಅದು 65 ಕೋಣೆಗಳ ವಸತಿಯಾಗಿ, ಜೊತೆಗೆ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಲಾಭಕ್ಕಾಗಿ ನಡೆಯುವ ಸಂಸ್ಥೆ ಅದಲ್ಲ. ಮನೆಯಲ್ಲಿ ರೋಗಿಗಳನ್ನು ನೋಡಿಕೊಂಡು ದಣಿದವರಿಗೆ ಅಲ್ಲಿ ವಿಶ್ರಾಂತಿಯ ಅವಕಾಶವಿದೆ. ಹೀಗೆ ಸನ್ಯಾಸಿನಿಯರು ಮಾಡುತ್ತಿದ್ದ ಕೆಲಸದ ಒಂದು ಎಳೆ ಹೋಟೆಲಿನ ರೂಪದಲ್ಲಿಯೂ ಮುಂದುವರಿದಿದೆ.

ಕೋಣೆಗಳ ವಿಚಾರಕ್ಕೆ ಬಂದರೆ ಅಂತರ ಇನ್ನೂ ಸ್ಪಷ್ಟವಾಗುತ್ತದೆ. ಫ್ರೊಂತೆನಾಕ್‌ನಲ್ಲಿ 600ಕ್ಕೂ ಹೆಚ್ಚು ಕೋಣೆಗಳಿವೆ. ಬೇರೆ ಬೇರೆ ಕಾಲದಲ್ಲಿ ಕಟ್ಟಿದ ಭಾಗಗಳು ಸೇರಿ ಆದ ಕಟ್ಟಡವಾದ್ದರಿಂದ ಅವುಗಳ ಅಳತೆ, ಆಕಾರ, ಕಿಟಕಿಯ ದಿಕ್ಕು ಒಂದೇ ರೀತಿ ಇರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಅಲ್ಲಿ ಉಳಿಯುವುದಾದರೆ ನದಿಯ ಕಡೆಯ ಕೋಣೆಗಾಗಿಯೇ ಹಣ ಕೊಡಬೇಕು, ಇಲ್ಲವಾದರೆ ಬೇರೆಡೆ ಉಳಿದು ಆ ಕಟ್ಟಡವನ್ನು ಹೊರಗಿನಿಂದ ನೋಡಿ ಬರಬೇಕು. ಸೇಂಟ್ ಲಾರೆನ್ಸ್ ಅಲ್ಲಿ ಸಮುದ್ರದ ಉಬ್ಬರವಿಳಿತಕ್ಕೆ ಒಳಗಾಗುವ ನದಿ. ಚಳಿಗಾಲದಲ್ಲಿ ಮಂಜಿನ ಹಾಳೆಗಳು ಒಂದು ಹೊತ್ತು ಸಮುದ್ರದ ಕಡೆಗೆ, ಇನ್ನೊಂದು ಹೊತ್ತು ನದಿಯ ಮೇಲ್ಭಾಗದ ಕಡೆಗೆ ತೇಲುವುದನ್ನು ಹಾಸಿಗೆಯ ಮೇಲೆ ಕುಳಿತೇ ನೋಡಬಹುದು. ಮಗನಿಗೆ ಮಾತ್ರ ಅದಕ್ಕಿಂತ ಬಾಗಿಲ ಮುಂದಿನ ಟೆರೇಸ್ ಮೇಲಿನ ಜಾರುಬಂಡಿಯೇ ದೊಡ್ಡದು. 1884ರಿಂದ ಚಳಿಗಾಲದಲ್ಲಿ ನಡೆಯುತ್ತ ಬಂದಿರುವ ಆ ಆಟಕ್ಕೆ ಹೋಟೆಲಿನಿಂದ ಕೋಟು ತೊಟ್ಟು ಹೊರಬಂದರೆ ಸಾಕು. ಮಕ್ಕಳಿರುವ ಸಂಸಾರಕ್ಕೆ ಈ ಅನುಕೂಲವನ್ನು ಉಳಿದೆರಡು ವಸತಿಗಳು ಕೊಡಲಾರವು.

ಸೇಂಟ್ ಆಂತ್ವಾನ್‌ನಲ್ಲಿ ಕೋಣೆಗಳು 100ಕ್ಕಿಂತ ಕಡಿಮೆ. ನಮ್ಮದು ವಿಶಾಲವಾಗಿತ್ತು, ಸ್ನಾನದ ಮನೆಯ ನೆಲವನ್ನು ಬೆಚ್ಚಗಿಡುವ ಏರ್ಪಾಡಿತ್ತು, ಕಿಟಕಿಯ ಬಳಿ ಓದುತ್ತ ಕೂರಲು ಒಳ್ಳೆಯ ಕುರ್ಚಿಯಿತ್ತು. ಐಷಾರಾಮ ಎಂಬುದನ್ನು ದೇಹಕ್ಕೆ ದೊರೆಯುವ ಸುಖವೆಂದು ಮಾತ್ರ ಲೆಕ್ಕ ಹಾಕಿದರೆ ಮೂರರಲ್ಲಿ ಇದೇ ಮುಂದು. ಫ್ರೊಂತೆನಾಕ್‌ನ ಮೊಗಸಾಲೆ ಊರಿನ ಒಂದು ಪ್ರೇಕ್ಷಣೀಯ ಸ್ಥಳವೂ ಹೌದು, ಅಲ್ಲಿ ತಂಗದವರೂ ನೋಡಲು ಬರುತ್ತಾರೆ. ಇಲ್ಲಿ ಬೆಂಕಿಗೂಡಿನ ಪಕ್ಕದ ಆಸನ ಅತಿಥಿಗಳಿಗೆ ಸುಲಭವಾಗಿ ಸಿಗುತ್ತದೆ. ಇಲ್ಲಿಂದ ಕೆಲವೇ ನಿಮಿಷ ನಡೆದರೆ ಲೆವಿ ಪಟ್ಟಣಕ್ಕೆ ಹೋಗುವ ಫೆರಿ ದೋಣಿಯ ಕಟ್ಟೆ ಬರುತ್ತದೆ. 1759ರಲ್ಲಿ ಬ್ರಿಟಿಷರು ಫಿರಂಗಿಗಳನ್ನಿಟ್ಟು ಕೆಳಗಿನ ಪೇಟೆಯನ್ನು ಪುಡಿಮಾಡಿದ್ದು ಆ ಎದುರು ದಂಡೆಯಿಂದಲೇ. ಫ್ರೊಂತೆನಾಕ್‌ನ ಅತ್ಯುತ್ತಮ ನೋಟ ಸಿಗುವುದೂ ಆ ದೋಣಿಯ ಮೇಲಿನಿಂದಲೇ; ಸ್ವಲ್ಪ ಹಣದ ಟಿಕೇಟಿಗೆ ಬಂಡೆ, ಗೋಪುರ, ಊರು ಒಟ್ಟಿಗೆ ಕಾಣುತ್ತವೆ.

ಮೊನಾಸ್ಟರಿಯಲ್ಲಿ ಎರಡು ಬಗೆಯ ಕೋಣೆಗಳಿವೆ. ಸನ್ಯಾಸಿನಿಯರ ಹಳೆಯ ಕೋಣೆಗಳನ್ನು ಬಹುಮಟ್ಟಿಗೆ ಇದ್ದಂತೆಯೇ ಉಳಿಸಿಕೊಂಡಿದ್ದಾರೆ: ಕಿರಿದಾದ ಬಾಗಿಲು, ಚಿಕ್ಕ ಮಂಚ, ಹಳೆಯ ಪೀಠೋಪಕರಣ, ಸ್ನಾನಗೃಹ ಓಣಿಯಲ್ಲಿ, ಇತರರೊಡನೆ ಹಂಚಿಕೊಳ್ಳುವಂಥದು. ಇನ್ನೊಂದು ಬಗೆ ಹೊಸ ಮಾದರಿಯದು, ಕೋಣೆಗೇ ಸ್ನಾನಗೃಹವಿರುವಂಥದು. ಅಮ್ಮನಿಗಾಗಿ ಎರಡನೆಯದನ್ನೂ ನನಗಾಗಿ ಮೊದಲನೆಯದನ್ನೂ ತೆಗೆದುಕೊಂಡದ್ದರಿಂದ ಎರಡನ್ನೂ ನೋಡಿದಂತಾಯಿತು. ಎರಡರಲ್ಲಿಯೂ ಟಿವಿ ಇಲ್ಲ. ಅಮ್ಮ ನನ್ನ ಪುಟ್ಟ ಕೋಣೆಯನ್ನು ನೋಡಿ, “ನಿನ್ನದೇ ಚೆನ್ನಾಗಿದೆ ಕಣೇ, ನನ್ನದು ಆಸ್ಪತ್ರೆಯ ಸ್ಪೆಷಲ್ ವಾರ್ಡಿನ ಹಾಗಿದೆ” ಎಂದರು. ಆ ಮಾತು ಹೊಸ ಕೋಣೆಗೆ ಸ್ವಲ್ಪ ಅನ್ಯಾಯ ಮಾಡುತ್ತದೆ, ಆದರೆ ಅದರಲ್ಲಿರುವ ವಿವೇಕವನ್ನು ಒಪ್ಪಲೇಬೇಕು. ಮೊನಾಸ್ಟರಿಗೆ ಹೋಗಿ ಹೊಸ ಕೋಣೆ ಹಿಡಿಯುವುದಕ್ಕೆ ವಯಸ್ಸು, ಮಂಡಿನೋವು ಇಂಥ ಕಾರಣಗಳಿರಬೇಕು. ಬರಿಯ ಸಂಕೋಚ ಕಾರಣವಾಗಬಾರದು.

ಅಲ್ಲಿನ ಬೆಳಗಿನ ಉಪಾಹಾರವನ್ನು ಮೌನವಾಗಿ ಮಾಡುವ ಪದ್ಧತಿಯಿದೆ. ಇದನ್ನು ಓದಿದಾಗ ನನಗೆ ಪ್ರವಾಸಿಗರಿಗಾಗಿ ಹೂಡಿದ ಆಟವೇನೋ ಎಂಬ ಅನುಮಾನವಿತ್ತು. ಅಮ್ಮನಿಗೆ ಹಾಗೆನ್ನಿಸಲಿಲ್ಲ. ಚಿತ್ರಾಹುತಿ ಇಟ್ಟ ಮೇಲೆ ಊಟ ಮುಗಿಯುವ ತನಕ ತುಟಿ ಬಿಚ್ಚದ ಹಿರಿಯರನ್ನು ನೋಡಿ ಬೆಳೆದವರಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಮೇಲಾಗಿ ಫ್ರೆಂಚ್ ಬಾರದ, ಇಂಗ್ಲಿಷೂ ಅಷ್ಟಕ್ಕಷ್ಟೇ ಆದ ಅವರು ಈ ದೇಶದಲ್ಲಿ ಯಾರ ಮುಂದೆಯೂ ಮಾತಿಗಾಗಿ ತಡವರಿಸದೆ ಎಲ್ಲರ ಸಮಕ್ಕೆ ಕುಳಿತು ತಿಂದ ಊಟ ಅದು. ಹಣ್ಣು, ಕಾಳು, ಬ್ರೆಡ್, ಮೊಸರು ಧಾರಾಳವಾಗಿದ್ದುದರಿಂದ ಸಸ್ಯಾಹಾರದ ಚಿಂತೆಯೂ ಇರಲಿಲ್ಲ.

ಸಸ್ಯಾಹಾರಿಗಳಿಗೆ ಈ ಊರಿನ ಸಾಂಪ್ರದಾಯಿಕ ಅಡುಗೆಯ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. ಆಲೂಗಡ್ಡೆ ಮತ್ತು ಚೀಸಿನ ಪೂತಿನ್ ಮೇಲೆ ಸುರಿಯುವ ಗ್ರೇವಿಯನ್ನು ಸಾಮಾನ್ಯವಾಗಿ ಮಾಂಸದ ಸಾರಿನಿಂದ ಮಾಡುತ್ತಾರೆ. ಹಳದಿ ಬಟಾಣಿಯ ಸೂಪಿನಲ್ಲಿ ಹಂದಿಮಾಂಸವಿರುವುದು ವಾಡಿಕೆ. ಹೆಸರು ನೋಡಿ ಮೋಸಹೋಗದೆ ಕೇಳಿಯೇ ತರಿಸಬೇಕು. ಶೇ ಮಫಿಗೆ ಓರ್ಲೆಯಾನ್ ದ್ವೀಪದಲ್ಲಿರುವ ಹೋಟೆಲಿನ ಸ್ವಂತ ತೋಟದಿಂದ ತರಕಾರಿ ಬರುತ್ತದೆ, ಮತ್ತು ಮೂರರಲ್ಲಿ ರಾತ್ರಿಯೂಟ ನನಗೆ ಅತ್ಯಂತ ಇಷ್ಟವಾದದ್ದು ಅಲ್ಲಿಯೇ: ಬೀಟ್‌ರೂಟು, ಕುಂಬಳಕಾಯಿಗಳನ್ನು ಪಕ್ಕದ ವ್ಯಂಜನವೆಂದು ತಳ್ಳಿಹಾಕದೆ ಮುಖ್ಯ ಅಡುಗೆಯ ಗೌರವ ಕೊಟ್ಟು ಬಡಿಸಿದರು. ಫ್ರೊಂತೆನಾಕ್‌ನಲ್ಲಿ ನಾವು ಬೆಳಗಿನ ಉಪಾಹಾರಕ್ಕಷ್ಟೇ ಸೀಮಿತರಾಗಿದ್ದೆವು. ಅದು ದೊಡ್ಡ ಹೋಟೆಲುಗಳಲ್ಲಿ ಎಲ್ಲೆಡೆ ಇರುವಂಥದೇ.

ನಡಿಗೆಯ ಲೆಕ್ಕವನ್ನು ಮರೆಯಬಾರದು. ಮೇಲಿನ ಪೇಟೆಗೂ ಕೆಳಗಿನ ಪೇಟೆಗೂ ನಡುವೆ ನೆಟ್ಟಗೆ ನಿಂತ ಬಂಡೆಯಿದೆ. 1879ರಿಂದ ಇರುವ ಫ್ಯುನಿಕ್ಯುಲರ್ ಎಂಬ ಹಗ್ಗದ ಬಂಡಿ ಟೆರೇಸಿನಿಂದ ಪೆತಿ ಶಾಂಪ್ಲೇನ್ ಬೀದಿಗೆ ಇಳಿಸುತ್ತದೆ. ಅದಿಲ್ಲದಿದ್ದರೆ ಮೆಟ್ಟಿಲುಗಳೇ ಗತಿ, ಮಂಜು ಹೆಪ್ಪುಗಟ್ಟಿದಾಗ ಅವು ಹಿರಿಯರಿಗೆ ತಕ್ಕವಲ್ಲ. ಸೇಂಟ್ ಆಂತ್ವಾನ್‌ನ ಸುತ್ತ ನೆಲ ಸಮತಟ್ಟಾಗಿದೆ, ಪ್ಲಾಸ್ ರೊಯಾಲ್ ಚೌಕ ಕಾಲಳತೆಯಲ್ಲಿದೆ. ಮೊನಾಸ್ಟರಿ ಮೇಲಿನ ಪೇಟೆಯ ಅಂಚಿನಲ್ಲಿದ್ದು, ಮಾಂಟ್ರಿಯಲ್ ಕಡೆಯಿಂದ ರೈಲಿನಲ್ಲಿ ಬಂದಿಳಿಯುವ ಗಾರ್ ದ್ಯು ಪಲೇ ನಿಲ್ದಾಣದಿಂದ ದೂರವೇನಿಲ್ಲವಾದರೂ ದಾರಿ ಏರು. ಸಾಮಾನು ಇದ್ದರೆ ಟ್ಯಾಕ್ಸಿ ಹಿಡಿಯುವುದೇ ಲೇಸು.

ಬೆಲೆಯಲ್ಲಿ ಮೊದಲೆರಡು ಒಂದೇ ಎತ್ತರದವು. ಋತು ಮತ್ತು ಕಿಟಕಿಯ ದಿಕ್ಕನ್ನು ನೋಡಿಕೊಂಡು ಯಾವುದೂ ಯಾವುದನ್ನೂ ಮೀರಬಹುದು. ಮೊನಾಸ್ಟರಿಯ ಹಳೆಯ ಕೋಣೆ ಇವೆರಡಕ್ಕಿಂತ ಬಹಳ ಅಗ್ಗ. ಯಾವುದನ್ನೇ ಹಿಡಿದರೂ ತೋರಿಸುವ ಬಾಡಿಗೆಯ ಮೇಲೆ ಶೇಕಡ 3.5ರ ವಸತಿ ತೆರಿಗೆ, ಶೇಕಡ 5ರ ಕೇಂದ್ರ ತೆರಿಗೆ, ಶೇಕಡ 9.975ರ ಪ್ರಾಂತ್ಯದ ತೆರಿಗೆ ಸೇರಿ ಸುಮಾರು ಶೇಕಡ 19ರಷ್ಟು ಹೆಚ್ಚಾಗುತ್ತದೆ. ಕಾರು ನಿಲ್ಲಿಸುವ ಖರ್ಚು ಬೇರೆ. ನನ್ನ ಮಟ್ಟಿಗೆ ಮತ್ತೆ ಸ್ವಂತ ಹಣ ಕೊಟ್ಟು ಹೋಗುವುದು ಮೊನಾಸ್ಟರಿಯ ಓಣಿಯ ಸ್ನಾನಗೃಹದ ಆ ಕೋಣೆಗೇ, ರಾತ್ರಿಯೂಟಕ್ಕೆ ಮಾತ್ರ ಬಂಡೆಯಿಳಿದು ಗೋದಾಮಿಗೆ. ಮಕ್ಕಳೊಡನೆ ಚಳಿಗಾಲದಲ್ಲಿ ಬರುವವರಿಗೆ ಫ್ರೊಂತೆನಾಕ್ ಅನ್ನೇ ಸೂಚಿಸುತ್ತೇನೆ. ಜನವರಿ ಕೊನೆಯಿಂದ ಫೆಬ್ರವರಿಯವರೆಗಿನ ಚಳಿಗಾಲದ ಕಾರ್ನಿವಲ್ ಸಮಯದಲ್ಲಿ ನದಿಯ ಕಡೆಯ ಕೋಣೆಗಳು ಬೇಗ ತುಂಬುವುದರಿಂದ, ಕೋಣೆಯನ್ನು ಕಾದಿರಿಸುವಾಗಲೇ ಕಿಟಕಿ ಯಾವ ಕಡೆಗೆಂದು ಬರೆದು ಕೇಳಿ ಉತ್ತರ ಪಡೆದುಕೊಳ್ಳಬೇಕು.