ಹಂದಿಯ ಭುಜದ ಮಾಂಸಕ್ಕೆ ಒವನ್, ಸ್ಲೋ ಕುಕ್ಕರ್, ಪ್ರೆಶರ್ ಕುಕ್ಕರ್: ಯಾವುದು?

ಯಾವುದರಲ್ಲಿ ಬೇಯಿಸಿದರೂ ಈ ಮಾಂಸ ಮೆತ್ತಗಾಗುವುದು ಅದರೊಳಗಿನ ಕೊಲ್ಯಾಜೆನ್ (ಗಟ್ಟಿ ನಾರಿನಂಥ ಪ್ರೋಟೀನ್) ಕರಗಿ ಮೆತ್ತನೆಯ ಜೆಲಾಟಿನ್ ಆದಾಗಲೇ. ಎಳೆಎಳೆಯಾಗಿ ಬಿಡಬೇಕಾದರೆ ತುಂಡಿನ ನಡುಭಾಗ 90–95 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. 70ಕ್ಕೇ ಬೇಯಿಸುವುದನ್ನು ನಿಲ್ಲಿಸಿದರೆ ತಿನ್ನಬಹುದು, ದವಡೆ ನೋಯುತ್ತದೆ ಅಷ್ಟೇ.

ಅವಸರವಿದ್ದರೆ ಪ್ರೆಶರ್ ಕುಕ್ಕರ್: ದೊಡ್ಡ ತುಂಡುಗಳೂ ಸುಮಾರು ಒಂದು ಗಂಟೆಯಲ್ಲಿ ಬೇಯುತ್ತವೆ. ಆದರೆ ಆವಿಯನ್ನು ಒಮ್ಮೆಲೇ ಬಿಡಬೇಡಿ, ಮಾಂಸ ಒಣಗುತ್ತದೆ. ಒತ್ತಡ ತಾನಾಗಿ ಇಳಿಯಲಿ. ಸ್ಲೋ ಕುಕ್ಕರ್‌ಗೆ ಕಡಿಮೆ ಶಾಖದಲ್ಲಿ 8–10 ಗಂಟೆ ಬೇಕು. ಬೆಳಿಗ್ಗೆ ಇಟ್ಟು ಕೆಲಸಕ್ಕೆ ಹೋಗುವವರಿಗೆ ಅದೇ ಸರಿ. ಅಲ್ಲಿ ತೇವ ಆರುವ ಭಯವಿಲ್ಲ. ನೀರು ಹೆಚ್ಚು ಸುರಿದು ರುಚಿ ಕೆಡಿಸಿಕೊಳ್ಳುವ ಭಯವಿದೆ.

ಗರಿಗರಿಯಾದ ಕಂದು ಹೊರಪದರ ಬೇಕೆಂದರೆ ಒವನ್. 130 ಡಿಗ್ರಿಯಲ್ಲಿ ಮುಚ್ಚಿ ಬೇಯಿಸಿ, ಕೊನೆಯಲ್ಲಿ ಮುಚ್ಚಳ ತೆಗೆಯಿರಿ. ಬಿಡುವಿನ ದಿನ ನಾನು ಹಚ್ಚುವುದು ಇದನ್ನೇ.