ಕೊಲಾಯ್ಡಲ್ ಸಿಲ್ವರ್ ಯಂತ್ರ: ಪಾಠಕ್ಕೆ ಸೊಗಸು, ಕುಡಿಯಲು ಬೇಡ

ಕೊಲಾಯ್ಡಲ್ ಸಿಲ್ವರ್ ಅಂದರೆ ಬೆಳ್ಳಿಯ ಅತಿ ಸಣ್ಣ ಕಣಗಳು ಬೆರೆತ ನೀರು. ಹೈಸ್ಕೂಲ್ ಮಕ್ಕಳಿಗೆ ವಿದ್ಯುದ್ವಿಭಜನೆ (ಕರೆಂಟ್ ಹರಿಸಿ ರಾಸಾಯನಿಕ ಕ್ರಿಯೆ ನಡೆಸುವುದು) ತೋರಿಸಲು ಅದನ್ನು ತಯಾರಿಸುವ ಈ ಯಂತ್ರ ಕೊಂಡೆ. ವರ್ಷಗಳಿಂದ ಬಳಸುತ್ತಿದ್ದೇನೆ. ಎರಡು ಶುದ್ಧ ಬೆಳ್ಳಿ ತಂತಿ, ಒಂದು ಅಡಾಪ್ಟರ್, ಕರೆಂಟ್ ಮಿತಿ ಮೀರದಂತೆ ತಡೆಯುವ ಸಣ್ಣ ಸರ್ಕ್ಯೂಟ್, ಇಷ್ಟೇ. ಈ ಸರ್ಕ್ಯೂಟ್ ಇಲ್ಲದ ಅಗ್ಗದ ಮಾದರಿ ತಗೋಬೇಡಿ. ಬೆಳ್ಳಿ ಕರಗಿದಂತೆ ನೀರಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ, ಹರಿದಷ್ಟೂ ಇನ್ನೂ ಬೇಗ ಕರಗುತ್ತದೆ, ಕೊನೆಗೆ ತಂತಿಯ ಸುತ್ತ ಕಪ್ಪು ಬೂದಿಯಂಥದ್ದು ಕಟ್ಟಿಕೊಳ್ಳುತ್ತದೆ.

ಡಬ್ಬದ ಮೇಲೆ ‘ಕ್ಷಾರೀಯ ನೀರು, ಆರೋಗ್ಯಕ್ಕೆ ಹಿತ’ ಎಂದು ದೊಡ್ಡದಾಗಿ ಬರೆದಿದ್ದಾರೆ. ನನ್ನ ತಕರಾರು ಇರುವುದು ಇಲ್ಲೇ.

ಪಿಎಚ್ ಅಂದರೆ ಆಮ್ಲ-ಕ್ಷಾರದ ಅಳತೆ: 7ಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ. ಈ ಯಂತ್ರಕ್ಕೆ ಹಾಕುವುದು ಡಿಸ್ಟಿಲ್ಡ್ ನೀರು, ಅದರ ಪಿಎಚ್ 7 ಇರಬೇಕು ಅಲ್ವಾ? ಮುಚ್ಚಳ ತೆಗೆದಿಟ್ಟರೆ ಇರುವುದಿಲ್ಲ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗಿ ಅದು 5.6ರ ಹತ್ತಿರಕ್ಕೆ ಇಳಿಯುತ್ತದೆ. ಅಂದರೆ ನಾವು ಶುರು ಮಾಡುವುದೇ ಸ್ವಲ್ಪ ಆಮ್ಲೀಯ ನೀರಿನಿಂದ. ಸ್ವಿಚ್ ಹಾಕಿದಾಗ ಧನ ತಂತಿಯಿಂದ ಬೆಳ್ಳಿಯ ಅಯಾನುಗಳು (ವಿದ್ಯುದಾವೇಶವಿರುವ ಕಣಗಳು) ನೀರಿಗೆ ಇಳಿಯುತ್ತವೆ. ಋಣ ತಂತಿಯಲ್ಲಿ ನೀರು ಒಡೆದು ಹೈಡ್ರೋಜನ್ ಗುಳ್ಳೆ ಏಳುತ್ತದೆ, ಕ್ಷಾರ ಗುಣದ ಹೈಡ್ರಾಕ್ಸೈಡ್ ನೀರಲ್ಲೇ ಉಳಿಯುತ್ತದೆ. ಪಿಎಚ್ ಏರುವುದು ಈ ಹೈಡ್ರಾಕ್ಸೈಡ್‌ನಿಂದ, ಬೆಳ್ಳಿಯಿಂದಲ್ಲ.

ಎಷ್ಟು ಏರುತ್ತದೆ? 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ) ಬೆಳ್ಳಿ ಕರಗಿ, ಗಾಳಿ ಒಂಚೂರೂ ಸೋಕದಿದ್ದರೆ ಲೆಕ್ಕದ ಪ್ರಕಾರ 10ರ ಹತ್ತಿರ ಹೋಗಬೇಕು. ಆದರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಮತ್ತೆ ಕರಗಿ, ಆ ಹೈಡ್ರಾಕ್ಸೈಡನ್ನು ಅಷ್ಟು ಕ್ಷಾರವಲ್ಲದ ಬೈಕಾರ್ಬನೇಟ್ ಮಾಡಿಬಿಡುತ್ತದೆ. ತೆರೆದಿಟ್ಟ ಗ್ಲಾಸಿನಲ್ಲಿ ಕೊನೆಗೆ ನಿಲ್ಲುವುದು 7ಕ್ಕಿಂತ ಕೊಂಚ ಮೇಲೆ. ನನ್ನ ಪೆನ್ ಮೀಟರ್‌ನಲ್ಲೂ ಹಾಗೇ ಕಂಡಿದೆ: ಮಾಡಿದ ತಕ್ಷಣ ಜಾಸ್ತಿ, ಮರುದಿನ ಕಡಿಮೆ. ಈ ಇಳಿತವನ್ನು ಮಕ್ಕಳ ಕೈಯಲ್ಲೇ ಅಳೆಸುತ್ತೇನೆ. ಆಮ್ಲ, ಕ್ಷಾರ, ಗಾಳಿ ಮೂರೂ ಒಂದೇ ಗ್ಲಾಸಿನಲ್ಲಿ ಸಿಗುವ ಇಂಥ ಪಾಠ ನನಗೆ ಬೇರೆ ಯಾವ ಉಪಕರಣದಲ್ಲೂ ಸಿಕ್ಕಿಲ್ಲ.

ಕರೆಂಟ್ ಬೇಗ ಹರಿಯಲಿ ಎಂದು ಕೆಲವರು ಚಿಟಿಕೆ ಸೋಡಾ ಹಾಕುತ್ತಾರೆ. ಆಗ ಮೀಟರ್ ತೋರಿಸುವುದು ಮುಖ್ಯವಾಗಿ ಸೋಡಾದ ಪಿಎಚ್. ನಲ್ಲಿ ನೀರು, ಬೋರ್ ನೀರು ಹಾಕಿದರಂತೂ ಅದರ ಕ್ಲೋರೈಡ್ ಜೊತೆ ಬೆಳ್ಳಿ ಸೇರಿ ಬಿಳಿ ಮಡ್ಡಿಯಾಗುತ್ತದೆ.

ಮೀಟರ್ ಬಗ್ಗೆ ಒಂದು ಮಾತು. ಇಷ್ಟು ಶುದ್ಧ ನೀರಿನಲ್ಲಿ ಅಂಕಿ ಬೇಗ ನಿಲ್ಲುವುದಿಲ್ಲ, ತೂಗಾಡುತ್ತದೆ. ತಾಳ್ಮೆಯಿಂದ ಕಾಯಬೇಕು. ಮೀಟರ್‌ನೊಳಗಿನ ಪೊಟ್ಯಾಸಿಯಂ ಕ್ಲೋರೈಡ್ ಸ್ವಲ್ಪ ಸೋರುತ್ತದೆ, ಆದ್ದರಿಂದ ಇಡೀ ಗ್ಲಾಸಿಗೆ ಅದ್ದದೆ ಬೇರೆ ಲೋಟಕ್ಕೆ ಒಂಚೂರು ಸುರಿದು ಅಳೆಯಿರಿ. ನೀರಿನಲ್ಲಿ ಕರಗಿದ್ದನ್ನು ಅಂದಾಜು ಮಾಡುವ ಟಿಡಿಎಸ್ ಮೀಟರ್ ಬೆಳ್ಳಿಯನ್ನು ಅಳೆಯುವುದಿಲ್ಲ, ನೀರು ಎಷ್ಟು ಕರೆಂಟ್ ಹರಿಸುತ್ತದೆ ಎಂಬುದನ್ನಷ್ಟೇ ನೋಡುತ್ತದೆ. ಬೆಳ್ಳಿ ಎಷ್ಟು ಎಂಬುದಕ್ಕೆ, ಹರಿದ ಕರೆಂಟಿನಿಂದ ಕರಗಿದ ಲೋಹ ಹೇಳುವ ಫ್ಯಾರಡೆ ಲೆಕ್ಕವೇ ವಾಸಿ: 1 ಮಿಲಿಆಂಪಿಯರ್ ಕರೆಂಟ್ 1 ಗಂಟೆ ಹರಿದರೆ ಹೆಚ್ಚೆಂದರೆ 4 ಮಿಲಿಗ್ರಾಂ ಬೆಳ್ಳಿ. ಅರ್ಧ ಲೀಟರ್ ನೀರಿಗೆ ಅದು 8 ಪಿಪಿಎಂ.

ಇನ್ನು ಕುಡಿಯುವ ವಿಷಯ. ದಯವಿಟ್ಟು ಬೇಡ. ಹೊಟ್ಟೆಯಲ್ಲಿರುವುದೇ ಹೈಡ್ರೋಕ್ಲೋರಿಕ್ ಆಮ್ಲ. ಅದರ ಮುಂದೆ 7, 8ರ ಪಿಎಚ್ ಲೆಕ್ಕಕ್ಕೇ ಬರುವುದಿಲ್ಲ. ಬೆಳ್ಳಿಯಾದರೋ ಮೈಯಲ್ಲಿ ಉಳಿದುಬಿಡುತ್ತದೆ. ಅಮೆರಿಕದ ಪಾಲ್ ಕರಾಸನ್ ಮನೆಯಲ್ಲೇ ಇದನ್ನು ಮಾಡಿಕೊಂಡು ವರ್ಷಗಟ್ಟಲೆ ಕುಡಿದರು, ಚರ್ಮ ನೀಲಿಯಾಯಿತು. 2013ರಲ್ಲಿ ಸಾಯುವವರೆಗೂ ಆ ಬಣ್ಣ ಹೋಗಲಿಲ್ಲ. ಕೊಲಾಯ್ಡಲ್ ಸಿಲ್ವರ್ ಇರುವ ಔಷಧಿಗಳು ಸುರಕ್ಷಿತ, ಪರಿಣಾಮಕಾರಿ ಎನ್ನಲು ಆಗುವುದಿಲ್ಲ ಎಂದು ಅಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲೇ ನಿಯಮ ಮಾಡಿದೆ. ಇಷ್ಟೆಲ್ಲ ಗೊತ್ತಿದ್ದೂ ಡಬ್ಬದ ಮೇಲೆ ಹಾಗೆ ಬರೆಯುವುದು ನನಗೆ ಸಿಟ್ಟು ತರಿಸುತ್ತದೆ.

ಯಂತ್ರ ಮಾತ್ರ ಗಟ್ಟಿ. ಧನ ತಂತಿ ಸವೆಯುತ್ತದೆ, ಆಗಾಗ ಎರಡನ್ನೂ ಅದಲುಬದಲು ಮಾಡಿದರೆ ಸಮನಾಗಿ ಸವೆಯುತ್ತವೆ. ಪ್ರತಿ ಸಲ ಮೆತ್ತನೆ ಬಟ್ಟೆಯಿಂದ ಒರೆಸಿಡಿ. ಉಳಿದ ನೀರನ್ನು ಮೀನಿನ ತೊಟ್ಟಿಗೋ ಕೆರೆಗೋ ಚೆಲ್ಲಬೇಡಿ, ಬೆಳ್ಳಿಯ ಅಯಾನು ಮೀನಿಗೆ ವಿಷ. ನಾನು ಅದಕ್ಕೆ ಚಿಟಿಕೆ ಅಡುಗೆ ಉಪ್ಪು ಹಾಕಿ, ತಳಕ್ಕೆ ಕೂತ ಸಿಲ್ವರ್ ಕ್ಲೋರೈಡನ್ನು ಬಾಟಲಿಯಲ್ಲಿ ಕೂಡಿಡುತ್ತೇನೆ. ಬಿಸಿಲಿಗೆ ಇಟ್ಟರೆ ಅದು ಕಪ್ಪಾಗುತ್ತದೆ, ಅದೂ ಮಕ್ಕಳಿಗೆ ಒಂದು ಪಾಠ.